ಬಲೆ ಸಮೇತ ಹಾರುವ ಪಾರಿವಾಳಗಳು: ಪಂಚತಂತ್ರದ ಕಥೆಯನ್ನು ಸಮಕಾಲೀನ ನೃತ್ಯಕ್ಕೆ ತರುವ ಬಗೆ

ಶಾಲೆಯ ವಾರ್ಷಿಕೋತ್ಸವದಲ್ಲಿ ಪ್ರಾಣಿಕಥೆ ಅಂದರೆ ಒಂದು ಸಿದ್ಧ ಅಚ್ಚು ಇದೆ. ಥರ್ಮಾಕೋಲ್ ಮುಖವಾಡ, ಬಟ್ಟೆಯ ಬಾಲ, ಸ್ಪೀಕರಿನಲ್ಲಿ ನಿರೂಪಣೆ, ಅದಕ್ಕೆ ತಕ್ಕಂತೆ ಕೈ ಆಡಿಸುವ ಮಕ್ಕಳು. ಕೊನೆಗೆ ಎಲ್ಲರೂ ಸಾಲಾಗಿ ನಿಂತು ನೀತಿ ಒಪ್ಪಿಸುತ್ತಾರೆ. ನೋಡೋಕೆ ಮುದ್ದಾಗಿಯೇ ಇರುತ್ತದೆ. ಆದರೆ ಅಲ್ಲಿ ಕಥೆ ಹೇಳುತ್ತಿರುವುದು ಸ್ಪೀಕರ್. ಮೈ ಸುಮ್ನೆ ಜೊತೆಗಿದೆ ಅಷ್ಟೆ.

ಕಥೆಯನ್ನು ಮೈಯೇ ಹೇಳಬೇಕು, ನಾಲ್ಕು ವರ್ಷದ ಮಗುವಿನಿಂದ ಅಜ್ಜಿಯವರೆಗೆ ಎಲ್ಲರೂ ಕೂತು ನೋಡಬೇಕು ಅಂತ ಆಸೆಯಿರುವ ಸಣ್ಣ ತಂಡಗಳಿಗೆ, ನೃತ್ಯ ಶಿಕ್ಷಕರಿಗೆ ಈ ಲೇಖನ. ಹತ್ತು ಕಥೆಗಳ ಬಗ್ಗೆ ಮೇಲೆ ಮೇಲೆ ಹೇಳುವುದಕ್ಕಿಂತ ಒಂದೇ ಕಥೆ ಹಿಡಿದು ಹೋಗೋಣ. ಪಾರಿವಾಳಗಳ ರಾಜ ಚಿತ್ರಗ್ರೀವನ ಕಥೆ. ಬೇಡ ಕಾಳು ಚೆಲ್ಲಿ ಬಲೆ ಹಾಕುತ್ತಾನೆ. ಹಿಂಡು ಇಳಿಯುತ್ತದೆ, ಸಿಕ್ಕಿಬೀಳುತ್ತದೆ, ಎಲ್ಲ ಒಟ್ಟಿಗೆ ಬಲೆ ಎತ್ತಿಕೊಂಡು ಹಾರುತ್ತವೆ. ಚಿತ್ರಗ್ರೀವನ ಗೆಳೆಯ ಹಿರಣ್ಯಕ ಅನ್ನುವ ಇಲಿ ಬಲೆ ಕಡಿದು ಬಿಡಿಸುತ್ತಾನೆ.

ಮೊದಲು ಕಥೆ ಆರಿಸಿ

ಎಲ್ಲ ಪ್ರಾಣಿಕಥೆಯೂ ನೃತ್ಯಕ್ಕೆ ಒಗ್ಗುವುದಿಲ್ಲ. ನನ್ನ ಲೆಕ್ಕದಲ್ಲಿ ಪರೀಕ್ಷೆ ಒಂದೇ: ಕಥೆ ತಿರುಗುವ ಜಾಗದಲ್ಲಿ ಇರುವುದು ಮಾತೋ, ಕೆಲಸವೋ? ಕೋತಿ ಮತ್ತು ಮೊಸಳೆಯ ಕಥೆ ಎಲ್ಲರಿಗೂ ಇಷ್ಟ. ಆದರೆ ಅಲ್ಲಿ ತಿರುವು ಬರುವುದು ಒಂದು ಸುಳ್ಳಿನಿಂದ. 'ನನ್ನ ಹೃದಯ ಮರದ ಮೇಲೇ ಬಿಟ್ಟುಬಂದೆ' ಅನ್ನುವುದನ್ನು ಮಾತಿಲ್ಲದೆ ಕುಣಿದು ತೋರಿಸಿ ನೋಡೋಣ! ಆ ಕಥೆ ಬೇಕೇ ಬೇಕು ಅಂದರೆ ಆ ಒಂದು ಮಾತನ್ನು ಬಾಯಲ್ಲೇ ಹೇಳಿಸಿ. ಉಳಿದದ್ದಕ್ಕೆ ಮರಕೋತಿ ಆಟ, ಕೆರೆ-ದಡ ಆಟ ಎರಡನ್ನೂ ಬಳಸಿಕೊಳ್ಳಿ. ನೀರು ಯಾವುದು, ನೆಲ ಯಾವುದು ಅನ್ನುವುದು ಮಕ್ಕಳಿಗೆ ಕೂಡಲೇ ತಿಳಿಯುತ್ತದೆ.

ಸಿಂಹ ಮತ್ತು ಮೊಲದ ಕಥೆಯಲ್ಲಿ ಬಾವಿಯ ಪ್ರತಿಬಿಂಬ ಇದೆ. ಇಬ್ಬರು ಎದುರುಬದುರು ನಿಂತು ಕನ್ನಡಿಯಾಟ ಆಡಿದರೆ ಅದೇ ಒಂದು ದೃಶ್ಯ. ಹೂಜಿಗೆ ಕಲ್ಲು ಹಾಕುವ ಕಾಗೆ ಒಬ್ಬರೇ ಕುಣಿಯುವ ಐದು ನಿಮಿಷದ ತುಣುಕಿಗೆ ಸರಿ, ಅದಕ್ಕಿಂತ ಎಳೆಯಬೇಡಿ. ಮುಂಗುಸಿಯನ್ನು ಅವಸರದಲ್ಲಿ ಕೊಲ್ಲುವ ಕಥೆ ಚೆನ್ನಾಗಿದೆ, ಆದರೆ ಪುಟ್ಟ ಮಕ್ಕಳ ಮುಂದೆ ಬೇಡ. ಚಿತ್ರಗ್ರೀವನ ಕಥೆಯಲ್ಲಿ ತಿರುವೆಲ್ಲ ಮೈಯಲ್ಲೇ ಇದೆ. ಎಳೆದಾಟ, ಒಂದಾಗುವುದು, ಏಳುವುದು. ಜೊತೆಗೆ ಇದು ಹಿಂಡಿನ ಕಥೆ. ತಂಡದಲ್ಲಿ ಯಾರೂ ಮೂಲೆಯಲ್ಲಿ ಮರವಾಗಿ ನಿಲ್ಲಬೇಕಿಲ್ಲ.

ಒಂದಕ್ಕಿಂತ ಹೆಚ್ಚು ಪಾಠ (ಕಥೆಯ ರೂಪ) ಓದಿ

ಹಳೆಯ ಕಥೆಯನ್ನು ಬದಲಿಸಬಹುದಾ ಅಂತ ಅಳುಕು ಬರುತ್ತದೆ. ಅಳುಕು ಬೇಡ. ಈ ಕಥೆಗಳಿಗೆ ಒಂದೇ ರೂಪ ಯಾವತ್ತೂ ಇರಲಿಲ್ಲ. 11ನೇ ಶತಮಾನದಲ್ಲಿ ಕನ್ನಡದಲ್ಲಿ ಪಂಚತಂತ್ರ ಬರೆದ ದುರ್ಗಸಿಂಹನೇ ಎಲ್ಲರೂ ಹೇಳುವ ವಿಷ್ಣುಶರ್ಮನ ಪಾಠ ಬಿಟ್ಟು ವಸುಭಾಗನ ಪಾಠ ಹಿಡಿದವನು. ಹಿತೋಪದೇಶದಲ್ಲಿ ಇದೇ ಪಾರಿವಾಳದ ಕಥೆ ಸ್ವಲ್ಪ ಬೇರೆ ಥರ ಇದೆ. ಜನರಿಲ್ಲದ ಕಾಡಿನಲ್ಲಿ ಅಕ್ಕಿಕಾಳು ಎಲ್ಲಿಂದ ಬಂತು ಅಂತ ಚಿತ್ರಗ್ರೀವ ಮೊದಲೇ ಅನುಮಾನಪಡುತ್ತಾನೆ. ಹಿಂಡಿನ ಒಂದು ಪಾರಿವಾಳ ಜಂಬದಿಂದ ಅದನ್ನು ತಳ್ಳಿಹಾಕುತ್ತದೆ. ಸಿಕ್ಕಿಬಿದ್ದ ಮೇಲೆ ಎಲ್ಲರೂ ಅದನ್ನೇ ಬೈಯುತ್ತಾರೆ. ರಾಜ ಮಾತ್ರ ಬೈಯುವುದಿಲ್ಲ. ಈ ಪುಟ್ಟ ಜಗಳ ನಿಮಗೆ ಬೇಕು. ಸಿಕ್ಕಿಬಿದ್ದದ್ದಕ್ಕೂ ಹಾರಿದ್ದಕ್ಕೂ ನಡುವೆ ಏನಾದರೂ ಕೆಟ್ಟಿರಬೇಕು, ಇಲ್ಲದಿದ್ದರೆ ಒಂದಾಗುವುದಕ್ಕೆ ಬೆಲೆಯಿಲ್ಲ.

ಹಾಗೆಯೇ ಬೇಡ ಬಲೆಯ ಹಿಂದೆ ಓಡುವಾಗ ಅವನಿಗೊಂದು ಆಸೆ ಇದೆ: ಇವು ಇನ್ನೇನು ಜಗಳ ಆಡುತ್ತವೆ, ಆಗ ಬೀಳುತ್ತವೆ. ಇದು ಹಳೆಯ ಪಾಠದಲ್ಲೇ ಇರುವ ಮಾತು. ಹಾರಾಟದ ನಡುವೆ ಬಲೆ ಒಮ್ಮೆ ಜೋಲು ಬೀಳುವಂತೆ ಮಾಡಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಾ?

ಒಂದು ಎಚ್ಚರಿಕೆ. ಹಳೆಯ ಪಠ್ಯಗಳಿಗೆ ಯಾರ ಹಕ್ಕೂ ಇಲ್ಲ. ಆದರೆ ಈಗಿನವರು ಬರೆದ ಮಕ್ಕಳ ಪುಸ್ತಕದ ಮಾತು, ಪದ್ಯ, ಚಿತ್ರ ಎತ್ತಿಕೊಳ್ಳಬೇಡಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಸಿನಿಮಾ ಹಾಡಿಗೂ ಹಾಗೆಯೇ ಅನುಮತಿ ಬೇಕು. ಟಿಕೆಟ್ ಇಟ್ಟು ಮಾಡುವ ಪ್ರದರ್ಶನದಲ್ಲಿ ಇದು ತಮಾಷೆಯಲ್ಲ.

ಕಥೆಯನ್ನು ಕ್ರಿಯಾಪದಗಳಿಗೆ ಇಳಿಸಿ

ಒಂದು ಹಾಳೆ ತೆಗೆದುಕೊಂಡು ಕಥೆಯಲ್ಲಿ ನಡೆಯುವ ಕೆಲಸಗಳನ್ನು ಮಾತ್ರ ಬರೆಯಿರಿ. ಇಳಿ, ಕುಕ್ಕು, ಸಿಕ್ಕಿಬೀಳು, ಎಳೆದಾಡು, ಬೈ, ನಿಲ್ಲು, ಒಂದಾಗು, ಏಳು, ಹಾರು, ಜೋಲು, ಮತ್ತೆ ಏಳು, ಕಡಿ, ಕಾಯಿ, ಬಿಡು. 'ಧೈರ್ಯ', 'ಸ್ನೇಹ', 'ಒಗ್ಗಟ್ಟು' ಅಂತೆಲ್ಲ ಬರೆಯಬೇಡಿ, ಅವನ್ನು ಕುಣಿಯಲು ಬರುವುದಿಲ್ಲ. ಈ ಹದಿನಾಲ್ಕು ಪದಗಳೇ ನಿಮ್ಮ ಪ್ರದರ್ಶನದ ಬೆನ್ನು. ಪ್ರತಿ ಪದಕ್ಕೂ ಒಂದು ಚಲನೆ ಹುಡುಕಿ, ಆಮೇಲೆ ಜೋಡಿಸಿ. ಯಾವುದಕ್ಕೆ ಎಷ್ಟು ಹೊತ್ತು ಅನ್ನುವುದನ್ನು ಈಗಲೇ ನಿರ್ಧರಿಸಬೇಡಿ. ನನ್ನನ್ನು ಕೇಳಿದರೆ 'ಎಳೆದಾಡು' ಮತ್ತು 'ಕಾಯಿ' ಎರಡಕ್ಕೂ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಬೇಕಾಗುತ್ತದೆ.

ಪಾರಿವಾಳದ ಮೈ

ರೆಕ್ಕೆ ಅಂದ ಕೂಡಲೇ ಎಲ್ಲರೂ ಎರಡು ಕೈ ಚಾಚಿ ಬಡಿಯುತ್ತಾರೆ. ಮೊದಲ ವಾರ ಅದನ್ನು ಪೂರ್ತಿ ನಿಷೇಧಿಸಿ. ಬದಲಿಗೆ ತಂಡವನ್ನೆಲ್ಲ ಪಾರಿವಾಳ ಇರುವ ಕಡೆ ಕರೆದುಕೊಂಡು ಹೋಗಿ. ದೇವಸ್ಥಾನದ ಅಂಗಳ, ಬಸ್ ನಿಲ್ದಾಣ, ಅಪಾರ್ಟ್‌ಮೆಂಟಿನ ಕಿಟಕಿಯ ಸಜ್ಜಾ, ಎಲ್ಲಿ ಇಲ್ಲ ಹೇಳಿ. ಕೂತು ನೋಡಿ. ಗುಬ್ಬಿ ಕುಪ್ಪಳಿಸುತ್ತದೆ, ಪಾರಿವಾಳ ನಡೆಯುತ್ತದೆ. ಮೊದಲ ವ್ಯತ್ಯಾಸ ಅಲ್ಲೇ.

ಇನ್ನು ತಲೆ. ಪಾರಿವಾಳ ತಲೆಯನ್ನು ಹಿಂದೆ ಮುಂದೆ ಆಡಿಸುತ್ತದೆ ಅಂತ ನಮಗೆ ಕಾಣುತ್ತದೆ. ನಿಜಕ್ಕೂ ಅದು ತಲೆಯನ್ನು ಮುಂದಕ್ಕೆ ಚಾಚಿ ಅಲ್ಲೇ ನಿಲ್ಲಿಸುತ್ತದೆ, ಮೈ ಹಿಂದಿನಿಂದ ಬಂದು ಸೇರುತ್ತದೆ. ಸುತ್ತಲಿನ ನೋಟ ಅಲುಗಾಡದೆ ಇರಲಿ ಅಂತ ಅದರ ಉಪಾಯ. 1978ರಲ್ಲಿ ಕೆನಡಾದ ಬ್ಯಾರಿ ಫ್ರಾಸ್ಟ್ ಅನ್ನುವ ವಿಜ್ಞಾನಿ ಪಾರಿವಾಳವನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದರು. ಕಾಲು ನಡೆಯುತ್ತಿದ್ದರೂ ಸುತ್ತಲಿನ ನೋಟ ಸರಿಯದೆ ಇದ್ದಾಗ ತಲೆ ಆಡುವುದೇ ನಿಂತಿತು. ನೃತ್ಯಗಾರರಿಗೆ ಇದನ್ನು ಹೀಗೆ ಹೇಳಿಕೊಡಿ: ಗೋಡೆಯ ಮೇಲೊಂದು ಚುಕ್ಕೆ ನೋಡಿ, ಗದ್ದ ಮುಂದಕ್ಕೆ, ಕಣ್ಣು ಅಲ್ಲೇ ಇರಲಿ, ಈಗ ಎದೆ ಬಂದು ಗದ್ದವನ್ನು ಸೇರಲಿ. ಅರ್ಧ ಗಂಟೆ ಇದನ್ನೇ ಮಾಡಿಸಿದರೆ ಕೊಠಡಿಯಲ್ಲಿ ಪಾರಿವಾಳಗಳು ಬಂದೇ ಬರುತ್ತವೆ. ಎಂಟು ಜನ ಒಟ್ಟಿಗೆ ಮಾಡಿದಾಗ ಮಕ್ಕಳು ನಗುತ್ತಾರೆ. ನಗಲಿ, ಅದೇ ಬೇಕು.

ರೆಕ್ಕೆ ಎಲ್ಲಿದೆ? ಬೆನ್ನಿನ ಹಲಗೆ ಮೂಳೆಯಲ್ಲಿ. ಕೈಗಳನ್ನು ಬೆನ್ನ ಹಿಂದೆ ಮಡಚಿಟ್ಟು ಹಲಗೆ ಮೂಳೆಗಳನ್ನು ಮಾತ್ರ ಆಡಿಸಿ. ಹಾರುವ ಗಳಿಗೆ ಬರುವವರೆಗೂ ಕೈ ಬಿಚ್ಚಬಾರದು. ಪಾರಿವಾಳ ಧಡಕ್ಕನೆ ಏಳುವಾಗ ರೆಕ್ಕೆ ಚಪ್ಪಾಳೆಯಂತೆ ಸದ್ದು ಮಾಡುತ್ತದೆ, ಕೇಳಿರುತ್ತೀರಿ. ಅದಕ್ಕೆ ತೊಡೆಗೆ ಹೊಡೆದ ಸದ್ದು ಸಾಕು.

ಭರತನಾಟ್ಯದಿಂದ ಬಂದವರು ಹಸ್ತಗಳ, ಅಂದರೆ ಕೈಮುದ್ರೆಗಳ ಕಡೆ ಹೋಗುವುದು ಸಹಜ. ಅಭಿನಯ ದರ್ಪಣ ಅನ್ನುವ ಹಳೆಯ ನೃತ್ಯಗ್ರಂಥದ ಸಂಯುತ (ಎರಡೂ ಕೈ ಸೇರಿಸಿ ಹಿಡಿಯುವ) ಹಸ್ತಗಳಲ್ಲಿ 'ಕಪೋತ', ಅಂದರೆ ಪಾರಿವಾಳ, ಅಂತ ಒಂದಿದೆ. ಆದರೆ ಅದರ ಬಳಕೆ ನಮಸ್ಕಾರಕ್ಕೆ, ಗುರುಗಳ ಜೊತೆ ಮಾತಿಗೆ, ವಿನಯಕ್ಕೆ. ಪಾರಿವಾಳ ತೋರಿಸಲು ಅಲ್ಲ. ಹಾಗಾಗಿ ಹಸ್ತವನ್ನು ನಿಘಂಟಿನ ಹಾಗೆ ಬಳಸಬೇಡಿ. ಆ ಹಸ್ತದಲ್ಲಿ ಎರಡು ಅಂಗೈಗಳ ನಡುವೆ ಉಳಿಯುವ ಪೊಳ್ಳು ಜಾಗ ಇದೆಯಲ್ಲ, ಅದರಿಂದ ಚಲನೆ ಹುಟ್ಟಿಸಿ. ಅದೇ ಪೊಳ್ಳನ್ನು ಎದೆಗೆ ತನ್ನಿ, ಇಬ್ಬರ ನಡುವೆ ತನ್ನಿ, ಇಡೀ ಹಿಂಡಿನ ನಡುವೆ ತನ್ನಿ.

ಇಲಿಯ ಮೈ, ಬೇಡನ ಮೈ

ಇಲಿ ಗೋಡೆ ಬಿಟ್ಟು ಓಡಾಡುವುದಿಲ್ಲ, ಮೈ ಯಾವುದಕ್ಕಾದರೂ ತಾಗಿಕೊಂಡೇ ಇರಬೇಕು ಅದಕ್ಕೆ. ಹಿರಣ್ಯಕನ ಪಾತ್ರದವರಿಗೆ ಒಂದೇ ನಿಯಮ ಕೊಡಿ: ವೇದಿಕೆಯ ಅಂಚು ಬಿಡಬೇಡ. ಮೊದಲ ದೃಶ್ಯದಿಂದಲೂ ಅವನು ಅಂಚಿನಲ್ಲೇ ಸುಳಿದಾಡುತ್ತಿರಲಿ, ದೊಡ್ಡವರು ಗಮನಿಸದಿದ್ದರೂ ಮಕ್ಕಳು ಖಂಡಿತ ಗಮನಿಸುತ್ತಾರೆ. ಗೆಳೆಯ ಕರೆದಾಗ ಮೊದಲ ಸಲ ನಡುವಿಗೆ ಬರುತ್ತಾನೆ. ಅವನಿಗೆ ಅದು ಎಷ್ಟು ಕಷ್ಟ ಅಂತ ಯಾರೂ ವಿವರಿಸಬೇಕಿಲ್ಲ.

ಬೇಡನನ್ನು ಮೀಸೆ ತಿರುವುವ ಖಳನಾಯಕ ಮಾಡಬೇಡಿ. ಅವನು ಹೊಟ್ಟೆಪಾಡಿಗೆ ಬಂದವನು. ಎಲ್ಲ ಪಾತ್ರಗಳೂ ಮೊಣಕಾಲು ಮಡಚಿ ಕೆಳಗಿನ ಮಟ್ಟದಲ್ಲಿರುವಾಗ ಇವನೊಬ್ಬ ನೆಟ್ಟಗೆ ನಿಲ್ಲಲಿ, ಹಿಮ್ಮಡಿ ಊರಿ ನಡೆಯಲಿ. ಅಷ್ಟಕ್ಕೇ ಭಯ ಹುಟ್ಟುತ್ತದೆ, ಕೆಂಪು ದೀಪ ಬೇಡ.

ವೇಷದ ಬಗ್ಗೆ ಒಂದೇ ಮಾತು. ಮಂಗಳೂರಿನ ದಸರಾದಲ್ಲಿ ಹುಲಿವೇಷ ನೋಡಿದವರಿಗೆ ಗೊತ್ತು, ಮೈತುಂಬ ಬಣ್ಣ ಇದ್ದರೂ ಹುಲಿ ಹುಟ್ಟುವುದು ತಾಸೆ ವಾದ್ಯದ ಪೆಟ್ಟಿಗೆ ಭುಜ, ಸೊಂಟ ತಿರುಗುವ ರೀತಿಯಲ್ಲಿ. ಬಣ್ಣ ಬಳಿದುಕೊಂಡು ಸುಮ್ನೆ ನಿಂತವನು ಹುಲಿಯಲ್ಲ. ನಿಮ್ಮ ಪಾರಿವಾಳಗಳಿಗೆ ಬೂದು ಬಣ್ಣದ ಸಡಿಲ ಅಂಗಿ, ಕುತ್ತಿಗೆಯ ಹತ್ತಿರ ಹಸಿರು-ನೇರಳೆಯ ಒಂದು ಪಟ್ಟಿ ಸಾಕು. ಮುಖವಾಡ ಹಾಕಿದರೆ ಕತ್ತಿನ ಮೇಲೆ ಮಾಡಿದ ಕೆಲಸವೆಲ್ಲ ಮುಚ್ಚಿಹೋಗುತ್ತದೆ.

ಬಲೆ ಕಟ್ಟುವುದು

ಈ ಪ್ರದರ್ಶನದಲ್ಲಿ ದುಡ್ಡು, ಸಮಯ ಹಾಕಬೇಕಾದ ವಸ್ತು ಇದೊಂದೇ. ಮೀನಿನ ಬಲೆ, ನೈಲಾನ್ ಬಲೆ ಬೇಡವೇ ಬೇಡ. ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ, ಉಜ್ಜಿದರೆ ಚರ್ಮ ಸುಲಿಯುತ್ತದೆ. ಒಂದೂವರೆ ಇಂಚು ಅಗಲದ ಎಲಾಸ್ಟಿಕ್ ಪಟ್ಟಿಯಿಂದ ಹೊಲಿಸಿ. ಎಂಟು ಜನರ ಹಿಂಡಿಗೆ 12 ಅಡಿ ಉದ್ದ, 12 ಅಡಿ ಅಗಲ. ಒಂದೊಂದು ಚೌಕ ಒಂದೂವರೆ ಅಡಿ. ಅಂದರೆ ಭುಜ ಸಲೀಸಾಗಿ ತೂರಿ ಹೊರಬರಬೇಕು. ಒಳಗಿನ ಪಟ್ಟಿಗಳು ಆ ಕಡೆ ಏಳು, ಈ ಕಡೆ ಏಳು, ಒಟ್ಟು 168 ಅಡಿ. 55 ಮೀಟರ್ ತಂದುಕೊಂಡರೆ ಹೊಲಿಗೆಗೂ ಸೇರಿ ಸಾಕಾಗುತ್ತದೆ. ಬೆಂಗಳೂರಿನವರಾದರೆ ಚಿಕ್ಕಪೇಟೆ ಸುತ್ತಿ, ರೋಲ್ ಲೆಕ್ಕದಲ್ಲಿ ಕೊಂಡರೆ ಅಗ್ಗ. ಸುತ್ತಲಿನ ಅಂಚಿಗೆ ಮಾತ್ರ ಎಲಾಸ್ಟಿಕ್ ಬೇಡ, ಗಟ್ಟಿ ಹತ್ತಿ ಪಟ್ಟಿ ಹಾಕಿಸಿ. ಹಿಡಿಯಲು ಏನಾದರೂ ಗಟ್ಟಿಯಾದದ್ದು ಇರಬೇಕು. ಪಟ್ಟಿಗಳು ಒಂದನ್ನೊಂದು ದಾಟುವ ಕಡೆ ಗಂಟು ಹಾಕದೆ ಜಿಗ್‌ಜಾಗ್ ಹೊಲಿಗೆ ಹಾಕಿಸಿ, ಗಂಟಿನ ಮೇಲೆ ಬಿದ್ದರೆ ಮೂಳೆಗೆ ನೋವು.

ಇಲಿ ಕಡಿಯುವುದು ಹೇಗೆ? ಪ್ರತಿ ಪ್ರದರ್ಶನಕ್ಕೂ ಹೊಸ ಬಲೆ ತರೋಕಾಗಲ್ಲ. ಒಬ್ಬೊಬ್ಬ ನೃತ್ಯಗಾರರ ಒಂದು ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಕಟ್ಟಿ, ಅದನ್ನು ಬಲೆಗೆ ವೆಲ್ಕ್ರೋದಿಂದ ಅಂಟಿಸಿ. ಬಿಚ್ಚುವಾಗ ಚರ್ರ್ ಅಂತ ಬರುವ ಸದ್ದೇ ಇಲಿ ಹಲ್ಲಿನ ಸದ್ದು. ಬೇರೆ ಧ್ವನಿ ಪರಿಣಾಮ ಬೇಡ. ಇನ್ನೊಂದು ಲಾಭವೂ ಇದೆ: ಯಾರಾದರೂ ಎಡವಿದರೆ ಎಳೆತಕ್ಕೆ ವೆಲ್ಕ್ರೋ ತಾನೇ ಬಿಟ್ಟುಕೊಳ್ಳುತ್ತದೆ.

ಬಲೆ ಕುತ್ತಿಗೆಗೆ ಸುತ್ತಿಕೊಳ್ಳುವ ಚಲನೆ ಎಷ್ಟು ಚೆಂದ ಕಂಡರೂ ಇಡಬೇಡಿ. ಉಂಗುರ, ಬಳೆ, ಗೆಜ್ಜೆ ಕಳಚಿಡಿ. ಕೂದಲು ಗಂಟು ಕಟ್ಟಿರಲಿ.

ಎಳೆದಾಟದಿಂದ ಹಾರಾಟಕ್ಕೆ

ತಾಳ ಇಲ್ಲಿ ದೊಡ್ಡ ಸಹಾಯ. ಸಿಕ್ಕಿಬಿದ್ದ ಮೇಲೆ ಮಿಶ್ರ ಚಾಪು, ಏಳು ಎಣಿಕೆ: ತಕಿಟ ತಕಧಿಮಿ. ಆದರೆ ಒಬ್ಬೊಬ್ಬರೂ ಬೇರೆ ಬೇರೆ ಎಣಿಕೆಯಲ್ಲಿ ಎಳೆಯಲಿ. ಒಬ್ಬರು ಎಳೆದಾಗ ಎಲಾಸ್ಟಿಕ್ ಎದುರಿನವರನ್ನು ನಿಜವಾಗಲೂ ಜಗ್ಗುತ್ತದೆ, ನಟನೆ ಬೇಕಾಗುವುದಿಲ್ಲ. ಇದು ಒಂದೂವರೆ ನಿಮಿಷ ನಡೆಯಲಿ. ನೋಡುವವರಿಗೆ ಸ್ವಲ್ಪ ಸುಸ್ತಾಗಬೇಕು. ಆಮೇಲೆ ಬೈಗುಳ, ಎಲ್ಲ ಗದ್ದಗಳೂ ಆ ಜಂಬದ ಪಾರಿವಾಳದ ಕಡೆ. ಆಮೇಲೆ ಸಂಗೀತವನ್ನು ಪೂರ್ತಿ ನಿಲ್ಲಿಸಿ.

ನಿಂತ ಜಾಗದಲ್ಲಿ ಚಿತ್ರಗ್ರೀವ ಉಸಿರು ಎಳೆದುಕೊಳ್ಳುವುದು ಕೇಳಿಸಬೇಕು. ಪಕ್ಕದವರು ಅದೇ ಉಸಿರು ಹಿಡಿಯುತ್ತಾರೆ, ಅವರ ಪಕ್ಕದವರು, ಹೀಗೆ ಎಂಟೂ ಜನ. ಎಂಟನೇ ಉಸಿರಿಗೆ ಆದಿ ತಾಳ, ಎಂಟು ಎಣಿಕೆಯದ್ದು, ಶುರು. ಈಗ ಎಲ್ಲರದ್ದೂ ಒಂದೇ ಎಣಿಕೆ. ಮೊದಲು ಹಲಗೆ ಮೂಳೆ, ಆಮೇಲೆ ಮೊಣಕಾಲು, ಆಮೇಲೆ ನಿಲುವು, ಆಮೇಲೆ ತುದಿಗಾಲು. ಬಲೆ ತಲೆಯ ಮೇಲೆ ಹೋದಾಗ ಮಾತ್ರ ಕೈ ಬಿಚ್ಚಿಕೊಳ್ಳುತ್ತದೆ. ಮನುಷ್ಯರನ್ನು ಎತ್ತಬೇಕಿಲ್ಲ, ಬಲೆ ಎದ್ದರೆ ಸಾಕು. ಎತ್ತುವ ಚಲನೆಗಳಲ್ಲಿ ತರಬೇತಿ ಇಲ್ಲದವರು ಅದರ ತಂಟೆಗೇ ಹೋಗಬೇಡಿ.

ಜಾಲರಿಗೆ ಗಾಳಿ ಹಿಡಿಯುವುದಿಲ್ಲ. ಹಾಗಾಗಿ ನಡುವಿನ ಚೌಕಗಳಿಗೆ ತೆಳು ಬಟ್ಟೆಯ ಉದ್ದ ಪಟ್ಟಿಗಳನ್ನು ಕಟ್ಟಿ. ಓಡುವಾಗ ಹಿಂದಕ್ಕೆ ಹಾರುತ್ತವೆ, ವೇಗ ಕಣ್ಣಿಗೆ ಕಾಣುತ್ತದೆ. ವೇದಿಕೆ ಚಿಕ್ಕದಿದ್ದರೆ ಪ್ರೇಕ್ಷಕರ ನಡುವಿನ ದಾರಿಗೆ ಇಳಿದುಬಿಡಿ. ಬಲೆ ತಲೆಯ ಮೇಲೆ ಹಾದುಹೋದಾಗ ಮಕ್ಕಳಷ್ಟೇ ಅಲ್ಲ, ಅವರ ಅಪ್ಪಂದಿರೂ ಕೈ ಎತ್ತುತ್ತಾರೆ. ಮೊದಲೇ ಆ ದಾರಿಯಲ್ಲಿ ವೈರು, ಮೆಟ್ಟಿಲು, ಕ್ಯಾಮೆರಾ ಸ್ಟ್ಯಾಂಡ್ ಇಲ್ಲ ಅಂತ ನೋಡಿಕೊಳ್ಳಿ.

ನೆಲದ ಬಗ್ಗೆಯೂ ಹೇಳಲೇಬೇಕು. ನಮ್ಮ ಎಷ್ಟೋ ಶಾಲೆಗಳ ವೇದಿಕೆ ಸಿಮೆಂಟಿನದ್ದು ಅಥವಾ ಕಡಪ ಕಲ್ಲಿನದ್ದು. ಅದರ ಮೇಲೆ ನೆಗೆದರೆ ಮುಂಗಾಲು ಮೂಳೆ ನೋಯುತ್ತದೆ. ಅತಿಥಿಗಳಿಗೆ ಅಂತ ಜಮಖಾನೆ ಹಾಸಿರುತ್ತಾರೆ, ಅದು ಜಾರುತ್ತದೆ. ತೆಗೆಸಿಬಿಡಿ. ಮರದ ನೆಲ ಇಲ್ಲದ ಕಡೆ ನೆಗೆತ ಕಡಿಮೆ ಮಾಡಿ, ಓಟ ಜಾಸ್ತಿ ಮಾಡಿ.

'ಮೊದಲು ಅವರದು'

ಹಿರಣ್ಯಕ ಬಂದವನೇ ಗೆಳೆಯನ ಕಟ್ಟು ಕಡಿಯಲು ಹೋಗುತ್ತಾನೆ. ಚಿತ್ರಗ್ರೀವ ತಡೆಯುತ್ತಾನೆ, ಮೊದಲು ಉಳಿದವರದು ಅನ್ನುತ್ತಾನೆ. ಇಡೀ ಪ್ರದರ್ಶನದಲ್ಲಿ ಬಾಯಲ್ಲಿ ಆಡುವ ಮಾತು ಇದೊಂದೇ ಇರಲಿ: 'ಮೊದಲು ಅವರದು.' ಅರ್ಧ ಗಂಟೆ ಮಾತಿಲ್ಲದೆ ನೋಡಿದವರಿಗೆ ಎರಡೇ ಪದ ಕೇಳಿಸಿದರೆ ಅದರ ತೂಕ ಬೇರೆ. ಆಮೇಲೆ ಅವಸರ ಮಾಡಬೇಡಿ. ಏಳು ಜನರ ವೆಲ್ಕ್ರೋ ಒಂದೊಂದಾಗಿ ಬಿಚ್ಚಲಿ. ಬಿಡಿಸಿಕೊಂಡವರು ಓಡಿಹೋಗದೆ ಅಲ್ಲೇ ಕೂತು ಕಾಯಲಿ. ಎರಡನೆಯದಕ್ಕೆ ನಗುವ ಮಕ್ಕಳು ಐದನೆಯದಕ್ಕೆ ಎಣಿಸಲು ಶುರು ಮಾಡುತ್ತಾರೆ.

ನಿರೂಪಣೆ ಬೇಕೇ ಬೇಕು ಅಂತ ಆಯೋಜಕರು ಹಟ ಹಿಡಿದರೆ ಶುರುವಿಗೆ ನಾಲ್ಕು ಸಾಲು ಹೇಳಿ ಮುಗಿಸಿ. ಮಾತು ಹೆಚ್ಚು ಬೇಕಾದ ಕಥೆಗೆ ಬೇರೊಂದು ದಾರಿ ಇದೆ. ಬ್ರಿಟನ್ನಿನ ನೃತ್ಯ ಸಂಯೋಜಕ ಅಕ್ರಂ ಖಾನ್ ಅವರ ತಂಡ 2022ರಲ್ಲಿ 'ಜಂಗಲ್ ಬುಕ್' ಕಥೆಯನ್ನು ಹೊಸದಾಗಿ ವೇದಿಕೆಗೆ ತಂದಾಗ ಮಾತುಗಳನ್ನು ಮೊದಲೇ ಧ್ವನಿಮುದ್ರಿಸಿ, ನೃತ್ಯಗಾರರು ಆ ಮಾತಿನ ಲಯಕ್ಕೆ ಮೈಯಾಡಿಸುವಂತೆ ಮಾಡಿತು. ಅಲ್ಲಿ ಮಾತು ವಿವರಣೆಯಲ್ಲ, ಅದೇ ತಾಳ. ಇದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಇನ್ನೊಂದು ವಿಷಯ, ಹೊರದೇಶದ ಕನ್ನಡ ಕೂಟಗಳಲ್ಲಿ ಮಾಡುವವರಿಗೆ ಮಾತು ಕಡಿಮೆಯಿದ್ದಷ್ಟೂ ಒಳ್ಳೆಯದು. ಅಲ್ಲಿನ ಎಷ್ಟೋ ಮಕ್ಕಳಿಗೆ ಕನ್ನಡ ಅರ್ಧಂಬರ್ಧ. 'ಮೊದಲು ಅವರದು' ಮಾತ್ರ ಎಲ್ಲರಿಗೂ ತಿಳಿಯುತ್ತದೆ.

ಮನೆಮಂದಿಯನ್ನು ಕೂರಿಸುವುದು

ಒಟ್ಟು 35ರಿಂದ 40 ನಿಮಿಷ, ನಡುವೆ ಬಿಡುವು ಬೇಡ. ಭಾನುವಾರ ಬೆಳಿಗ್ಗೆ 11 ಅಥವಾ ಸಂಜೆ ನಾಲ್ಕೂವರೆ ಒಳ್ಳೆಯ ಹೊತ್ತು. ಏಳೂವರೆಗೆ ಇಟ್ಟರೆ ಪುಟ್ಟವರು ಅರ್ಧಕ್ಕೇ ನಿದ್ದೆಹೋಗುತ್ತಾರೆ. ಮುಂದಿನ ಜಾಗದಲ್ಲಿ ಕುರ್ಚಿ ತೆಗೆದು ಚಾಪೆ ಹಾಸಿ. ಸಭಾಂಗಣದ ದೀಪ ಪೂರ್ತಿ ಆರಿಸಬೇಡಿ, ಕತ್ತಲಾದರೆ ಒಂದು ಮಗು ಅಳುತ್ತದೆ, ಅದನ್ನು ನೋಡಿ ಇನ್ನೊಂದು. ಸದ್ದು ಕೂಡ ಕಡಿಮೆ. ನಮ್ಮ ಕಡೆ ಸ್ಪೀಕರ್ ಇದೆ ಅಂತ ಜೋರಾಗಿ ಇಡುವ ಚಾಳಿ ಇದೆ, ಅಲ್ವಾ?

ದೊಡ್ಡವರ ನಾಟಕಕ್ಕೆ ಬೆಂಗಳೂರಿನ ರಂಗಶಂಕರ ರಂಗಮಂದಿರದಂತೆ ತಡವಾಗಿ ಬಂದವರನ್ನು ಒಳಗೆ ಬಿಡದೆ ಇರುವುದು ನ್ಯಾಯ. ಮಕ್ಕಳನ್ನು ಕರೆತರುವವರಿಗೆ ಆ ನಿಯಮ ಕಷ್ಟ. ಕೊನೇ ಗಳಿಗೆಯಲ್ಲಿ ಚಪ್ಪಲಿ ಸಿಗುವುದಿಲ್ಲ, ಬಾತ್‌ರೂಮ್ ಬೇಕಾಗುತ್ತದೆ. ಅದಕ್ಕೊಂದು ಉಪಾಯ: ಜನ ಬಂದು ಕೂರುವ ಹತ್ತು ನಿಮಿಷವೂ ಪಾರಿವಾಳಗಳು ಅವರ ನಡುವೆ ಓಡಾಡುತ್ತಾ ಕಾಳು ಕುಕ್ಕುತ್ತಿರಲಿ. ಬೇಗ ಬಂದವರಿಗೆ ಬೇಜಾರಿಲ್ಲ, ತಡವಾಗಿ ಬಂದವರು ಏನನ್ನೂ ಕಳೆದುಕೊಂಡಿಲ್ಲ.

ಮೊದಲ ಪ್ರದರ್ಶನಕ್ಕೆ ಎರಡು ವಾರ ಮುಂಚೆ ಹತ್ತು-ಹನ್ನೆರಡು ಮಕ್ಕಳನ್ನು, ಅವರ ಮನೆಯವರನ್ನು ಅಭ್ಯಾಸದ ಕೊಠಡಿಗೆ ಕರೆಯಿರಿ. ನೀವು ನೃತ್ಯ ನೋಡಬೇಡಿ, ಮಕ್ಕಳನ್ನು ನೋಡಿ. ಮೈ ತಿರುಚಿದರೆ ಚಿಂತೆಯಿಲ್ಲ. ತಿರುಗಿ 'ಅಮ್ಮಾ, ಈಗೇನಾಯ್ತು?' ಅಂತ ಕೇಳಿದ ಜಾಗವನ್ನು ಗುರುತು ಹಾಕಿಕೊಳ್ಳಿ. ಅಲ್ಲಿ ಕ್ರಿಯಾಪದ ಸ್ಪಷ್ಟವಾಗಿಲ್ಲ ಅಂತ ಅರ್ಥ. ಅದಕ್ಕೆ ಮಾತು ತುರುಕಬೇಡಿ, ಚಲನೆಯನ್ನೇ ಸರಿಮಾಡಿ. 'ಚೆನ್ನಾಗಿತ್ತಾ?' ಅಂತ ಯಾರನ್ನೂ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಮಕ್ಕಳಿಗೆ 'ಏನೇನಾಯ್ತು ಹೇಳು' ಅನ್ನಿ.

ಮುಗಿದ ಮೇಲೆ ನೀತಿ ಹೇಳಿ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಒಗ್ಗಟ್ಟಿನಲ್ಲಿ ಬಲವಿದೆ ಅನ್ನುವುದನ್ನು ಮಕ್ಕಳು ನೂರು ಸಲ ಕೇಳಿದ್ದಾರೆ. ಮೈಕು ಕೊಡುವ ಬದಲು ಬಲೆ ಕೊಡಿ. ಆರು ವರ್ಷ ಮೇಲ್ಪಟ್ಟ ಎಂಟು ಮಕ್ಕಳು ಒಮ್ಮೆಗೆ, ನಾಲ್ಕು ಮೂಲೆಗೆ ನಿಮ್ಮವರು. ಮಣಿಕಟ್ಟಿಗೆ ಕಟ್ಟಬೇಡಿ, ಅಂಚು ಹಿಡಿದರೆ ಸಾಕು. ಮೊದಲು ತಂತಮ್ಮ ಇಷ್ಟಕ್ಕೆ ಎಳೆಯಲಿ, ಆಮೇಲೆ ಒಂದೇ ಉಸಿರಿಗೆ ಎತ್ತಲಿ. ಎರಡು ಸುತ್ತು ಮುಗಿದ ಕೂಡಲೇ ಮುಂದಿನ ಎಂಟು ಜನ.

ಬಲೆ ಮಡಚುವ ಮುಂಚೆ ಹೊಲಿಗೆ ಬಿಟ್ಟಿದೆಯಾ ಅಂತ ಚೌಕ ಚೌಕವಾಗಿ ನೋಡಿ. ವೆಲ್ಕ್ರೋಗೆ ಸಿಕ್ಕಿದ ಕೂದಲು, ನೂಲನ್ನು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ಇಲ್ಲದಿದ್ದರೆ ಮುಂದಿನ ಊರಿನಲ್ಲಿ ಇಲಿಗೆ ಸದ್ದೂ ಇರುವುದಿಲ್ಲ, ಪಾರಿವಾಳಗಳು ಹಾರುವ ಮುಂಚೆಯೇ ಕಳಚಿಕೊಳ್ಳುತ್ತವೆ.